ಸೋರಿಯಾಸಿಸ್: ಚರ್ಮಕ್ಕಷ್ಟೇ ಮುಗಿಯುವ ಕಾಯಿಲೆಯಲ್ಲ

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಕ್ಲಿನಿಕ್ ತೆರೆದು ಹೆಚ್ಚು ಕಾಲವಾಗಿರಲಿಲ್ಲ. ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರು ತಾಯಿಯನ್ನು ಕರೆದುಕೊಂಡು ಬಂದರು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಮದುವೆ ಬಟ್ಟೆಗಳಿಗೆ ಕಸೂತಿ ಹಾಕಿ ಸಂಸಾರ ನಡೆಸುತ್ತಿದ್ದವರು. ಮೊಣಕೈ, ಮೊಣಕಾಲು, ಕಿವಿಯ ಹಿಂಭಾಗ, ತಲೆಯ ಚರ್ಮ ಎಲ್ಲ ಕಡೆ ದಪ್ಪ ಕೆಂಪು ಮಚ್ಚೆಗಳು, ಮೇಲೆ ಬೆಳ್ಳಗಿನ ಹೊಟ್ಟು. ಅದನ್ನು ಹುಳುಕಡ್ಡಿ ಎಂದುಕೊಂಡು ಎರಡು ವರ್ಷ ಅಂಗಡಿಯ ಮುಲಾಮು ಹಚ್ಚಿದ್ದರು.

ನೋಡಿದ ಕೂಡಲೇ ಸೋರಿಯಾಸಿಸ್ ಎಂದು ಗೊತ್ತಾಯಿತು. ಔಷಧಿ ಕೊಟ್ಟೆ, ಪಥ್ಯ ಹೇಳಿದೆ. ಕೆಲವು ತಿಂಗಳಲ್ಲಿ ಮಚ್ಚೆಗಳು ತಿಳಿಯಾದವು. ಅವರಿಗೂ ಸಮಾಧಾನ, ನನಗೂ ಹೆಮ್ಮೆ. ನಡುವೆ ಒಮ್ಮೆ ಅವರು, "ಡಾಕ್ಟ್ರೇ, ಬೆಳಿಗ್ಗೆ ಎದ್ದಾಗ ಬೆರಳು ಮಡಚಲಿಕ್ಕೇ ಆಗುವುದಿಲ್ಲ, ಸ್ವಲ್ಪ ಹೊತ್ತು ಕಳೆದ ಮೇಲೆ ಸರಿಯಾಗುತ್ತದೆ" ಎಂದರು. ಸೂಜಿ ಹಿಡಿದು ಹಿಡಿದು ಹಾಗಾಗಿರಬೇಕು ಎಂದು ನಾನು ಒಂದು ಎಣ್ಣೆ ಬರೆದುಕೊಟ್ಟೆ.

ಅದು ನನ್ನ ತಪ್ಪು. ಎರಡು ವರ್ಷ ಕಳೆದು ಅವರು ಮತ್ತೆ ಬಂದಾಗ ಬಲಗೈಯ ಎರಡು ಬೆರಳುಗಳು ಬುಡದಿಂದ ತುದಿಯವರೆಗೆ ಊದಿದ್ದವು, ಒಂದು ಬೆರಳಿನ ತುದಿ ಬಾಗಿತ್ತು. ಉಗುರುಗಳಲ್ಲಿ ಸೂಜಿಯಿಂದ ಚುಚ್ಚಿದಂತಹ ಸಣ್ಣ ಗುಳಿಗಳು. ಆ ಗುಳಿಗಳು ಮೊದಲ ದಿನವೂ ಇದ್ದಿರಬೇಕು. ನಾನು ಚರ್ಮವನ್ನು ನೋಡಿದ್ದೆ, ಕೈಯನ್ನು ನೋಡಿರಲಿಲ್ಲ. ಸಂಧಿವಾತ ತಜ್ಞರ ಬಳಿಗೆ ಕಳುಹಿಸಿದೆ. ಸೋರಿಯಾಸಿಸ್‌ನಿಂದಲೇ ಬಂದ ಕೀಲುವಾತ ಎಂದು ತಿಳಿಯಿತು. ಈ ಲೇಖನ ಬರೆಯಲು ಅವರೇ ಕಾರಣ.

ಒಳಗೆ ಏನಾಗುತ್ತದೆ?

ನಮ್ಮ ಚರ್ಮದ ಮೇಲ್ಪದರ ಸದಾ ಹೊಸದಾಗುತ್ತಿರುತ್ತದೆ. ಕೆಳಪದರದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಈ ಕೆಲಸ 3ರಿಂದ 5 ದಿನಗಳಲ್ಲೇ ಮುಗಿಯುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಬಂದು ಒಂದರ ಮೇಲೊಂದು ಕೂರುವುದರಿಂದ ದಪ್ಪ ಚಕ್ಕೆಗಳಾಗುತ್ತವೆ. ಇದಕ್ಕೆ ಕಾರಣ ದೇಹದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪುವುದು. ರೋಗಾಣುಗಳ ವಿರುದ್ಧ ಹೋರಾಡಬೇಕಾದ ಅದು ವಿನಾಕಾರಣ ಉರಿಯೂತ ಉಂಟುಮಾಡುತ್ತದೆ.

ಯುನಾನಿ ವೈದ್ಯರು ಈ ಕಾಯಿಲೆಯನ್ನು ದಾಉಸ್ಸದಫ್ ಎನ್ನುತ್ತಾರೆ. ಸದಫ್ ಎಂದರೆ ಚಿಪ್ಪು. ದೇಹದಲ್ಲಿ 'ಸೌದಾ' ಎಂಬ ದೋಷ ಕೆರಳುವುದು ಇದಕ್ಕೆ ಕಾರಣ ಎಂದು ನಮ್ಮ ಶಾಸ್ತ್ರ ವಿವರಿಸುತ್ತದೆ. ಇಂದಿನ ವಿಜ್ಞಾನದ ಭಾಷೆ ಬೇರೆ. ಆದರೆ ಕಾಯಿಲೆ ಕಾಣಿಸುವುದು ಚರ್ಮದಲ್ಲಾದರೂ ಅದರ ಬೇರು ದೇಹದೊಳಗೆ ಇದೆ ಎನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಅಂಟುವುದಿಲ್ಲ, ಖಂಡಿತ ಅಂಟುವುದಿಲ್ಲ

ಹಿಂದೆ ಶತಮಾನಗಳ ಕಾಲ ಇದನ್ನು ಕುಷ್ಠರೋಗದೊಂದಿಗೆ ಬೆರೆಸಿ ನೋಡಲಾಗುತ್ತಿತ್ತು. 1841ರಲ್ಲಿ ವಿಯೆನ್ನಾದ ಚರ್ಮವೈದ್ಯ ಫರ್ಡಿನಾಂಡ್ ಹೆಬ್ರಾ ಇವೆರಡೂ ಬೇರೆ ಬೇರೆ ಎಂದು ಸ್ಪಷ್ಟಪಡಿಸಿದರು. ಆದರೂ ಹಳೆಯ ಭಯ ನಮ್ಮ ಮನೆಗಳಿಂದ ಹೋಗಿಲ್ಲ. ಸೊಸೆಗೆ ಬೇರೆ ತಟ್ಟೆ, ಬೇರೆ ಟವೆಲು. ಮಗುವನ್ನು ಎತ್ತಿಕೊಳ್ಳಲು ಬಿಡದಿರುವುದು. ಮಸೀದಿಯಲ್ಲಿ ಪಕ್ಕದವರು ಸ್ವಲ್ಪ ಸರಿದು ನಿಲ್ಲುವುದು. ಇವೆಲ್ಲವನ್ನೂ ರೋಗಿಗಳ ಬಾಯಿಂದ ಕೇಳಿದ್ದೇನೆ.

ಸೋರಿಯಾಸಿಸ್ ರೋಗಾಣುವಿನಿಂದ ಬರುವುದಲ್ಲ. ಮುಟ್ಟುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ, ಒಂದೇ ಹೌಝ್‌ನಲ್ಲಿ ವುಝೂ ಮಾಡುವುದರಿಂದ ಹರಡುವುದಿಲ್ಲ. ಇದು ಕೊಳಕಿನಿಂದಲೂ ಬರುವುದಿಲ್ಲ. ಜಗತ್ತಿನಲ್ಲಿ ಕನಿಷ್ಠ 10 ಕೋಟಿ ಜನರಿಗೆ ಈ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ವರದಿಯಲ್ಲಿ ಅಂದಾಜು ಮಾಡಿದೆ. ನಮ್ಮ ಊರಿನ ಜಮಾಅತ್‌ನಲ್ಲೂ ತೋಳು ಮುಚ್ಚಿಕೊಂಡು ಓಡಾಡುವವರು ಇದ್ದೇ ಇರುತ್ತಾರೆ.

ಚರ್ಮದಾಚೆಗೆ ನೋಡಬೇಕಾದ್ದು

ಕೀಲುಗಳು: ಸೋರಿಯಾಸಿಸ್ ಇರುವ ನೂರು ಮಂದಿಯಲ್ಲಿ 10ರಿಂದ 30 ಮಂದಿಗೆ ಕೀಲುವಾತ ಬರಬಹುದು. ಹೆಚ್ಚಿನವರಲ್ಲಿ ಚರ್ಮದ ಮಚ್ಚೆ ಬಂದು ವರ್ಷಗಳ ಬಳಿಕ ಇದು ಶುರುವಾಗುತ್ತದೆ. ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೀಲುಗಳು ಬಿಗಿಯಾಗಿರುವುದು, ಒಂದು ಬೆರಳು ಇಡಿಯಾಗಿ ಊದಿಕೊಳ್ಳುವುದು, ಹಿಮ್ಮಡಿ ನೋವು, ರಾತ್ರಿ ಎಚ್ಚರಿಸುವ ಸೊಂಟನೋವು, ಉಗುರಿನಲ್ಲಿ ಗುಳಿ ಬೀಳುವುದು ಅಥವಾ ಉಗುರು ಬುಡ ಬಿಟ್ಟು ಏಳುವುದು ಇದರ ಸೂಚನೆಗಳು. ಒಮ್ಮೆ ಹಾಳಾದ ಕೀಲು ಮೊದಲಿನಂತಾಗುವುದಿಲ್ಲ. ಬೇಗ ಚಿಕಿತ್ಸೆ ಪಡೆದರೆ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು.

ಹೃದಯ ಮತ್ತು ಸಕ್ಕರೆ: ಒಳಗಿನ ಉರಿಯೂತ ರಕ್ತನಾಳಗಳನ್ನೂ ಬಿಡುವುದಿಲ್ಲ. ಸೋರಿಯಾಸಿಸ್ ತೀವ್ರವಾಗಿರುವವರಲ್ಲಿ ಹೃದಯಾಘಾತದ ಅಪಾಯ ಇತರರಿಗಿಂತ ಹೆಚ್ಚು. ಬೊಜ್ಜು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಪಿತ್ತಜನಕಾಂಗದಲ್ಲಿ ಕೊಬ್ಬು ಸೇರುವುದು ಇವೂ ಇವರಲ್ಲಿ ಹೆಚ್ಚಾಗಿ ಕಾಣುತ್ತವೆ. ತೂಕ ಇಳಿಸಿದರೆ ಚರ್ಮವೂ ಸುಧಾರಿಸುತ್ತದೆ ಎನ್ನುವುದು ಸಮಾಧಾನದ ಸಂಗತಿ. ಬೀಡಿ, ಸಿಗರೇಟು ಸೇದುವವರಿಗೆ ಕಾಯಿಲೆ ಕೆರಳುವುದೂ ಹೆಚ್ಚು.

ಕಣ್ಣು: ಕಣ್ಣು ಕೆಂಪಾಗಿ ನೋವಾದರೆ, ಬೆಳಕು ನೋಡಲು ಕಷ್ಟವಾದರೆ ಅಂಗಡಿಯ ಡ್ರಾಪ್ಸ್ ಹಾಕಿಕೊಂಡು ಕಾಯಬೇಡಿ. ಕಣ್ಣಿನೊಳಗಿನ ಉರಿಯೂತವಾಗಿದ್ದರೆ ದೃಷ್ಟಿಗೇ ಅಪಾಯ.

ಮನಸ್ಸು: ಖಿನ್ನತೆ, ಆತಂಕ ಈ ರೋಗಿಗಳಲ್ಲಿ ಸಾಮಾನ್ಯ. ಮನಸ್ಸಿನ ಒತ್ತಡ ಕಾಯಿಲೆಯನ್ನು ಹೆಚ್ಚಿಸುತ್ತದೆ, ಕಾಯಿಲೆ ಮತ್ತೆ ಒತ್ತಡವನ್ನು ಹೆಚ್ಚಿಸುತ್ತದೆ. ನಿದ್ರೆ ಬಾರದಿರುವುದು, ಯಾರೊಡನೆಯೂ ಬೆರೆಯದಿರುವುದು, ಬದುಕೇ ಸಾಕು ಎನ್ನುವ ಮಾತು ಇವನ್ನು 'ಈಮಾನ್ ಕಡಿಮೆಯಾಗಿದೆ' ಎಂದು ತಳ್ಳಿಹಾಕಬೇಡಿ. ಅದಕ್ಕೂ ವೈದ್ಯರಿದ್ದಾರೆ, ಚಿಕಿತ್ಸೆಯಿದೆ.

ಮದುವೆಯ ಪ್ರಶ್ನೆ

ಹೆಣ್ಣುಮಕ್ಕಳ ತಾಯಂದಿರು ದನಿ ತಗ್ಗಿಸಿ ಕೇಳುವುದು ಒಂದೇ: "ಮದುವೆಯವರೆಗೆ ಕಾಣದ ಹಾಗೆ ಏನಾದರೂ ಕೊಡಿ." ನನ್ನ ಉತ್ತರವೂ ಒಂದೇ. ಮುಚ್ಚಿಡಬೇಡಿ. ಮುಚ್ಚಿಟ್ಟ ಕಾಯಿಲೆ ಮದುವೆಯಾದ ಬಳಿಕ ಹೊರಬಂದಾಗ ಚರ್ಮಕ್ಕಿಂತ ದೊಡ್ಡ ಗಾಯ ಮಾಡುತ್ತದೆ. ಗಂಡಿನ ಮನೆಯವರನ್ನು ವೈದ್ಯರ ಬಳಿ ಕರೆತನ್ನಿ, ಅವರೇ ವಿವರಿಸಲಿ. ಹುಡುಗರ ವಿಷಯದಲ್ಲೂ ಇದೇ ಮಾತು.

ಮಕ್ಕಳಿಗೆ ಬರುತ್ತದೆಯೇ? ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 10ರಿಂದ 15. ಅಂದರೆ ಬಾರದಿರುವ ಸಾಧ್ಯತೆಯೇ ಬಹಳ ಹೆಚ್ಚು. ಆದರೆ ಮೆಥೋಟ್ರೆಕ್ಸೇಟ್, ಅಸಿಟ್ರೆಟಿನ್‌ನಂತಹ ಔಷಧಿಗಳು ಗರ್ಭದಲ್ಲಿರುವ ಶಿಶುವಿಗೆ ಅಪಾಯಕಾರಿ. ಅಸಿಟ್ರೆಟಿನ್ ನಿಲ್ಲಿಸಿದ ಮೇಲೂ ಮೂರು ವರ್ಷ ಗರ್ಭ ಧರಿಸಬಾರದು. ಹಾಗಾಗಿ ಮದುವೆ ನಿಶ್ಚಯವಾದ ಕೂಡಲೇ, ಗಂಡಾಗಲಿ ಹೆಣ್ಣಾಗಲಿ, ತಾವು ಸೇವಿಸುವ ಔಷಧಿಗಳ ಬಗ್ಗೆ ವೈದ್ಯರಲ್ಲಿ ಮಾತನಾಡಬೇಕು.

ವುಝೂ, ಸ್ನಾನ, ನಮಾಝ್, ಉಪವಾಸ

ದಿನಕ್ಕೆ ಐದು ಬಾರಿ ನೀರು ಮುಟ್ಟಿದರೆ ಕಾಯಿಲೆ ಹೆಚ್ಚುತ್ತದೆಯೇ ಎಂದು ಹಲವರು ಕೇಳುತ್ತಾರೆ. ನೀರಿನಿಂದ ಹಾನಿಯಿಲ್ಲ, ನೀರು ಆರಿದ ಬಳಿಕ ಚರ್ಮ ಒಣಗಿ ಬಿರಿಯುವುದರಿಂದ ತೊಂದರೆ. ವುಝೂ ಅಥವಾ ಸ್ನಾನದ ನಂತರ ಒರಟಾಗಿ ಉಜ್ಜದೆ ಟವೆಲಿನಿಂದ ಒತ್ತಿ ಒರೆಸಿ. ಚರ್ಮ ಇನ್ನೂ ತೇವವಾಗಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ಸ್ನಾನಕ್ಕೆ ಉಗುರು ಬೆಚ್ಚಗಿನ ನೀರು, ಸೌಮ್ಯ ಸಾಬೂನು ಸಾಕು. ಪ್ಯೂಮಿಸ್ ಕಲ್ಲು, ನಾರಿನಿಂದ ಹೊಟ್ಟು ಕೆರೆದು ತೆಗೆಯಬಾರದು. ಚರ್ಮ ಒಡೆದು ರಕ್ತ ಬರುವಷ್ಟು ತೀವ್ರವಾಗಿದ್ದರೆ ವುಝೂವಿನಲ್ಲಿ ಇರುವ ವಿನಾಯಿತಿಗಳ ಬಗ್ಗೆ ವೈದ್ಯರ ಸಲಹೆಯೊಂದಿಗೆ ಆಲಿಮರನ್ನು ಕೇಳಿ.

ಮೊಣಕಾಲಿನಲ್ಲಿ ಮಚ್ಚೆ ಇರುವವರು ದಪ್ಪ ಮುಸಲ್ಲಾ ಬಳಸಿ. ಕೀಲುನೋವಿನಿಂದ ಸುಜೂದ್ ಕಷ್ಟವಾದರೆ ಕುರ್ಚಿಯಲ್ಲಿ ಕೂತು ನಮಾಝ್ ಮಾಡಲು ಸಂಕೋಚ ಬೇಡ.

ರಮಝಾನ್‌ನಲ್ಲಿ ಔಷಧಿ ನಿಲ್ಲಿಸಬೇಡಿ, ವೇಳೆ ಬದಲಿಸಿಕೊಳ್ಳಿ. ಹೆಚ್ಚಿನ ಮಾತ್ರೆಗಳನ್ನು ಇಫ್ತಾರ್ ಮತ್ತು ಸಹ್ರಿಗೆ ಹೊಂದಿಸಬಹುದು. ತಿಂಗಳ ಮೊದಲೇ ವೈದ್ಯರನ್ನು ಕಂಡರೆ ಉಪವಾಸ ನಿಮಗೆ ಸರಿಯೋ ಎಂಬುದೂ ತಿಳಿಯುತ್ತದೆ. ಇಫ್ತಾರ್‌ನಲ್ಲಿ ಕರಿದದ್ದು, ಶರಬತ್ತು ಕಡಿಮೆ ಮಾಡಿ. ಹಣ್ಣು, ತರಕಾರಿ, ಮೀನು, ನೀರು ಹೆಚ್ಚಿಸಿ.

ಚಿಕಿತ್ಸೆಯಲ್ಲಿ ಎಡವುವುದು ಎಲ್ಲಿ?

ಸೋರಿಯಾಸಿಸ್ ಶಾಶ್ವತವಾಗಿ ವಾಸಿಯಾಗುತ್ತದೆ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ, ಅವರು ನನ್ನದೇ ಪದ್ಧತಿಯವರಾದರೂ ಸರಿ. ಇದನ್ನು ಹತೋಟಿಯಲ್ಲಿಡಬಹುದು. ವರ್ಷಗಟ್ಟಲೆ ಮಚ್ಚೆಯೇ ಇಲ್ಲದೆ ಬದುಕುವವರಿದ್ದಾರೆ.

ಮೊದಲನೆಯ ತಪ್ಪು, ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಚ್ಚುವುದು. ಚರ್ಮ ತೆಳುವಾಗುತ್ತದೆ, ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಇನ್ನೂ ಅಪಾಯ. ಅವನ್ನು ತಟ್ಟನೆ ನಿಲ್ಲಿಸಿದಾಗ ಮೈಯೆಲ್ಲ ಕೆಂಪಾಗಿ, ಕೀವು ತುಂಬಿದ ಗುಳ್ಳೆಗಳೆದ್ದು, ಚಳಿಜ್ವರ ಬರಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಜೀವಕ್ಕೇ ಅಪಾಯವಿದೆ.

ಎರಡನೆಯದು ಮೆಥೋಟ್ರೆಕ್ಸೇಟ್. ಈ ಕಾಯಿಲೆಗೆ ಇದನ್ನು ಸೇವಿಸುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ತೆಗೆದುಕೊಂಡರೆ ಪ್ರಾಣಾಪಾಯ. ಯಾವ ವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ರಕ್ತಪರೀಕ್ಷೆ ತಪ್ಪಿಸಬೇಡಿ.

ಮೂರನೆಯದು ಹಿಜಾಮ. ಸೋರಿಯಾಸಿಸ್ ಇರುವವರ ಚರ್ಮಕ್ಕೆ ಗಾಯವಾದ ಜಾಗದಲ್ಲೇ ಹೊಸ ಮಚ್ಚೆ ಏಳುವುದುಂಟು. ಹಚ್ಚೆ, ಸುಟ್ಟ ಗಾಯ, ಕೆರೆತದ ಗೆರೆ ಯಾವುದಾದರೂ ಆಗಬಹುದು. ಹಿಜಾಮದ ಗೀರುಗಳಿಗೂ ಇದು ಅನ್ವಯಿಸುತ್ತದೆ. ಕಾಯಿಲೆ ಕೆರಳಿರುವಾಗ ಹಿಜಾಮ ಬೇಡ. ಬೇರೆ ಕಾರಣಕ್ಕೆ ಮಾಡಿಸುವುದಿದ್ದರೂ ಕಾಯಿಲೆಯ ವಿಷಯ ತಿಳಿಸದೆ ಮಾಡಿಸಿಕೊಳ್ಳಬೇಡಿ.

ನಾಲ್ಕನೆಯದು ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಮಾತ್ರೆ. ಅವುಗಳಲ್ಲಿ ಸ್ಟೀರಾಯ್ಡ್ ಅಥವಾ ಪಾದರಸ, ಸೀಸದಂತಹ ಲೋಹ ಇರಬಹುದು. ಯುನಾನಿಯಲ್ಲಿ ಶಾಹತರಾ, ಉನ್ನಾಬ್, ಚಿರಾಯತ ಮುಂತಾದ ಗಿಡಮೂಲಿಕೆಗಳನ್ನು ಬಳಸುತ್ತೇವೆ, ಪಥ್ಯಕ್ಕೆ ಮಹತ್ವ ಕೊಡುತ್ತೇವೆ. ಆದರೆ ಕೀಲು ಊದಿದಾಗ, ಮಚ್ಚೆ ಮೈಯೆಲ್ಲ ಹರಡಿದಾಗ ತಜ್ಞರ ಬಳಿಗೆ ಕಳುಹಿಸುವುದೇ ನಮ್ಮ ಧರ್ಮ. ಅಲ್ಲಿ ಬೆಳಕಿನ ಚಿಕಿತ್ಸೆಯಿಂದ ಹಿಡಿದು ಹೊಸ ಇಂಜೆಕ್ಷನ್‌ಗಳವರೆಗೆ ದಾರಿಗಳಿವೆ. ಎರಡೂ ಕಡೆಯ ಔಷಧಿ ತೆಗೆದುಕೊಳ್ಳುವುದಾದರೆ ಇಬ್ಬರು ವೈದ್ಯರಿಗೂ ತಿಳಿಸಿ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಕ್ಲೋರೋಕ್ವಿನ್‌ನಂತಹ ಮಲೇರಿಯಾ ಔಷಧಿಗಳು ಸೋರಿಯಾಸಿಸ್ ಹೆಚ್ಚಿಸಬಲ್ಲವು. ಹಾಗೆಂದು ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ವರ್ಷಕ್ಕೊಮ್ಮೆ ಮಾಡಬೇಕಾದದ್ದು

ಸೋರಿಯಾಸಿಸ್ ಇರುವವರು, ಮಚ್ಚೆ ಇದ್ದರೂ ಇಲ್ಲದಿದ್ದರೂ, ವರ್ಷಕ್ಕೊಮ್ಮೆ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ. ವೈದ್ಯರಿಗೆ ಕೈಬೆರಳು, ಉಗುರು, ಕಾಲು ತೋರಿಸಿ. ಅವರು ಕೇಳದಿದ್ದರೆ ನೀವೇ ಹೇಳಿ. ನಾನು ಕೇಳಿರಲಿಲ್ಲ ಎಂಬುದನ್ನು ನೆನಪಿಡಿ.

ಆ ಸಹೋದರಿ ಈಗಲೂ ಬರುತ್ತಾರೆ. ವಾರಕ್ಕೊಮ್ಮೆ ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಊತ ಇಳಿದಿದೆ. ಬಾಗಿದ ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಯಂತ್ರದಲ್ಲಿ ಹೊಲಿಯುತ್ತಾರೆ, ಕಸೂತಿ ಬಿಟ್ಟಿದ್ದಾರೆ. ಕಳೆದ ವರ್ಷ ಅವರು ತಮ್ಮ ಅಕ್ಕನ ಮಗನನ್ನು ಕರೆತಂದರು. ಮೊಣಕೈಯಲ್ಲಿ ಸಣ್ಣದೊಂದು ಮಚ್ಚೆ. ನಾನು ತೋಳು ನೋಡಲು ಬಾಗುವ ಮೊದಲೇ ಅವರು ಹುಡುಗನ ಎರಡೂ ಅಂಗೈಗಳನ್ನು ನನ್ನ ಮೇಜಿನ ಮೇಲೆ ಹರಡಿದರು: "ಮೊದಲು ಉಗುರು ನೋಡಿ ಡಾಕ್ಟ್ರೇ."