ಧರ್ಮಸಭೆಯೂ ತೆರಿಗೆಯೂ



ಅರಸನ ಮಕ್ಕಳು ತೆರಿಗೆ ಕಟ್ಟಬೇಕಾಗಿಲ್ಲ ಎಂದು ಪೇತ್ರನಿಗೆ ತಿಳಿಸಿದ ಪ್ರಭು ಯೇಸು, ದೇವಾಲಯದ ತೆರಿಗೆ ಕೇಳಲು ಬಂದವರಿಗೆ ಬೇಸರವಾಗದಿರಲೆಂದು ಮೀನಿನ ಬಾಯಲ್ಲಿ ಸಿಕ್ಕ ನಾಣ್ಯದಿಂದ ಇಬ್ಬರ ಪಾಲನ್ನೂ ಕಟ್ಟಿಸಿದರು (ಮತ್ತಾಯ 17:24-27).

ಚರ್ಚಿಗೇಕೆ ತೆರಿಗೆಯಿಲ್ಲ ಎಂದು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ ಈ ವಿನಾಯಿತಿ ಚರ್ಚಿಗೆ ಮಾತ್ರವಲ್ಲ. ನೋಂದಾಯಿತ ದೇವಸ್ಥಾನ, ಮಸೀದಿ, ಧರ್ಮದತ್ತಿಗಳಿಗೂ ಇದೆ. ಸಾಮಾನ್ಯವಾಗಿ ಆದಾಯದ ಶೇಕಡ 85ರಷ್ಟನ್ನಾದರೂ ಉದ್ದೇಶಿತ ಕಾರ್ಯಕ್ಕೇ ವಿನಿಯೋಗಿಸಬೇಕು, ಲೆಕ್ಕ ಒಪ್ಪಿಸಬೇಕು. ಕಾಣಿಕೆಯ ಹಣ ಯಾರೊಬ್ಬರ ಲಾಭವೂ ಅಲ್ಲವಾದ್ದರಿಂದ ಇದು ನ್ಯಾಯವೇ.

ಸಂಬಳದ ವಿಷಯ ಬೇರೆ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಕನ್ಯಾಸ್ತ್ರೀಯರು, ಧಾರ್ಮಿಕ ಸಭೆಗಳ ಗುರುಗಳು ಬಡತನದ ವ್ರತದಂತೆ ಸಂಬಳವನ್ನೆಲ್ಲ ತಮ್ಮ ಸಭೆಗೆ ಒಪ್ಪಿಸುತ್ತಾರೆ. ಅದಕ್ಕೆ ತೆರಿಗೆ ಬೇಡವೆಂಬ ವಾದಕ್ಕೆ 1944ರ ಸುತ್ತೋಲೆಯೇ ಆಧಾರವಾಗಿತ್ತು. ಆದರೆ 2019ರಲ್ಲಿ ಮದ್ರಾಸ್ ಹೈಕೋರ್ಟ್, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಸಂಬಳ ಯಾರ ಹೆಸರಿಗೆ ಬಂತೋ ಅವರದೇ ಆದಾಯ; ಆಮೇಲೆ ಅದನ್ನು ಯಾರಿಗೆ ಕೊಟ್ಟರೆಂಬುದು ಅವರ ವ್ರತಕ್ಕೆ ಸೇರಿದ್ದು.

ಇದರಿಂದ ಕನ್ಯಾಮಠಗಳ ಕೈ ಬಿಗಿಯಾಗುವುದು ನಿಜ. ಎಷ್ಟೋ ಕಡೆ ಅನಾಥಮಕ್ಕಳ ಊಟಕ್ಕೆ ಅಕ್ಕಿ ಬರುವುದೂ ಆ ಸಂಬಳದಿಂದಲೇ. ಆದರೂ ತೀರ್ಪು ಸರಿಯೆಂದೇ ನನಗೆ ತೋರುತ್ತದೆ. ಪಕ್ಕದ ತರಗತಿಯಲ್ಲಿ ಅದೇ ಪಾಠ ಹೇಳುವ ಸಂಸಾರಸ್ಥ ಶಿಕ್ಷಕಿಯ ಸಂಬಳದಲ್ಲೂ ತೆರಿಗೆ ಮುರಿದುಕೊಳ್ಳುತ್ತಾರಲ್ಲ.