ಕೊಲ್ಲಿಸಹೊರಟ ತಂದೆಗಾಗಿ ಕಾದಿದ ಮಗ

ಹಲಕುಂದಿ, ಕುರುಗೋಡು, ಕಂಪ್ಲಿಯ ಸೀಮೆಗೆ ಕುಮಾರರಾಮ ಎಂದರೆ ದೆಹಲಿಯ ದಂಡಿಗೆ ಎದೆಯೊಡ್ಡಿದ ವೀರ. ಆದರೆ ಅವನ ಕಾವ್ಯದ ದೊಡ್ಡಸ್ತಿಕೆ ರಣರಂಗದಲ್ಲಿಲ್ಲ, ಅಂತಃಪುರದಲ್ಲಿದೆ ಎಂಬುದು ನನ್ನ ವಾದ. ಚರಿತ್ರೆ ಎಲ್ಲರಿಗೂ ಗೊತ್ತಿರುವಂಥದ್ದೇ: ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ರಾಮನ ತಂದೆ ಕಂಪಿಲರಾಯ ಆಶ್ರಯ ಕೊಟ್ಟ, 1327ರ ಹೊತ್ತಿಗೆ ರಾಜ್ಯ ಬಿತ್ತು. ಇಬ್ನ್ ಬತೂತ ಆ ಸೋಲನ್ನು ಬರೆದಿದ್ದಾನೆ. ಹೆಂಗಸರು ಬೆಂಕಿ ಹೊಕ್ಕದ್ದು, ರಾಯ ಕಾದಾಡುತ್ತ ಸತ್ತದ್ದು, ಅವನ 11 ಮಂದಿ ಮಕ್ಕಳು ಸೆರೆಯಾದದ್ದು ಎಲ್ಲವೂ ಅಲ್ಲಿದೆ. ರಾಮನ ಹೆಸರು ಮಾತ್ರ ಇಲ್ಲ. ಹೀಗಿದ್ದೂ 16ನೇ ಶತಮಾನದ ನಂಜುಂಡ ಕವಿ ಅವನ ಮೇಲೆ ಸಾಂಗತ್ಯ ಕಟ್ಟಿದ. ಮಲೆನಾಡಿನ ಕೆಲವು ಊರುಗಳು ಇಂದಿಗೂ ಅವನ ಮರದ ತಲೆಯನ್ನು ಪೂಜಿಸುತ್ತವೆ. ಬರೀ ಯುದ್ಧಕ್ಕಾಗಿ ಜನ ಇಷ್ಟು ಕಾಲ ನೆನಪಿಟ್ಟುಕೊಳ್ಳುವುದಿಲ್ಲ.

ಜನ ಹಿಡಿದಿಟ್ಟುಕೊಂಡದ್ದು ಮಲತಾಯಿ ರತ್ನಾಜಿಯ ಪ್ರಸಂಗವನ್ನು. ಅವಳ ಮೋಹವನ್ನು ರಾಮ ನಿರಾಕರಿಸುತ್ತಾನೆ. ಅವಳು ದೂರು ಹೊರಿಸುತ್ತಾಳೆ. ತಂದೆ ವಿಚಾರಿಸದೆ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಬೇರೆ ತಲೆಯನ್ನು ತೋರಿಸುತ್ತಾನೆ. ಇದು ಎಲ್ಲಿಂದಲೋ ತಂದ ಹಳೆಯ ಕಥೆಯಲ್ಲವೇ ಎಂದು ಕೇಳಬಹುದು. ಹೌದು, ಹಳೆಯದೇ. ಕ್ರಿ.ಪೂ. 428ರ ಯೂರಿಪಿಡೀಸನ ಹಿಪ್ಪೊಲಿಟಸ್ ಇದೇ ಸಂಕಟದಲ್ಲಿ ಸಾಯುತ್ತಾನೆ. ಬೌದ್ಧರ ಕಥೆಯಲ್ಲಿ ಅಶೋಕನ ಮಗ ಕುನಾಲ ಕಣ್ಣು ಕಳೆದುಕೊಂಡು ವಿರಕ್ತಿಯ ಬೆಳಕು ಕಾಣುತ್ತಾನೆ. ಆ ಅಶೋಕನ ಶಾಸನಗಳು ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೊಳದಲ್ಲಿಯೇ ಇವೆ. ತೆಲುಗಿನ ಸಾರಂಗಧರನಿಗೆ ಕಡಿದ ಕೈಕಾಲು ಸಿದ್ಧನ ಕೃಪೆಯಿಂದ ಮರಳುತ್ತವೆ. ಆ ಕಥೆಯನ್ನು ದುರಂತ ನಾಟಕವಾಗಿ ಬರೆದವರು ಬಳ್ಳಾರಿಯಲ್ಲಿಯೇ ಬಾಳಿದ ಧರ್ಮವರಂ ರಾಮಕೃಷ್ಣಮಾಚಾರ್ಯರು. ಒಂದೇ ಸೀಮೆಯ ಸುತ್ತ ಈ ಪ್ರಶ್ನೆ ಇಷ್ಟು ರೂಪ ತಾಳಿರುವುದು ಬೆರಗಿನ ಸಂಗತಿ. ಅನ್ಯಾಯ ಮಾಡಿದ ತಂದೆಗೆ ಮಗ ಏನು ಕೊಡಬೇಕು? ಗ್ರೀಕ್ ಕವಿ ದೈವದ ಕ್ರೌರ್ಯವನ್ನು ತೋರಿಸಿದ, ಬೌದ್ಧರು ವೈರಾಗ್ಯವನ್ನು, ಸಿದ್ಧರು ಪವಾಡವನ್ನು. ಕಂಪಿಲಿಯ ಕಥೆ ಈ ಯಾವ ದಾರಿಯನ್ನೂ ಹಿಡಿಯದು. ರಾಮ ಸತ್ತನೆಂಬ ಸುದ್ದಿ ಕೇಳಿ ವೈರಿಗಳು ಬಂದಾಗ ಅವನು ನೆಲಮಾಳಿಗೆಯಿಂದ ಎದ್ದು ಬಂದು ಅದೇ ತಂದೆಯ ಕೋಟೆಗಾಗಿ ಕಾದುತ್ತಾನೆ. ಸೇಡಿಲ್ಲ, ಸನ್ಯಾಸವೂ ಇಲ್ಲ. ದೊರೆಯ ತಪ್ಪಿಗೆ ನಾಡು ತಲೆ ಕೊಡಬಾರದು ಎಂಬ ಧರ್ಮ ಅದು; ಕುರುಡು ಪಿತೃಭಕ್ತಿಯಲ್ಲ.

ಕೆಟ್ಟದ್ದನ್ನೆಲ್ಲ ಹೆಣ್ಣಿನ ತಲೆಗೆ ಕಟ್ಟುವ ಕಥೆಯಿದು ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅದನ್ನು ತಳ್ಳಿಹಾಕಲಾಗದು, ರಾಮನ ಪರನಾರೀಸಹೋದರನೆಂಬ ಕೀರ್ತಿಗೆ ರತ್ನಾಜಿಯನ್ನು ಬಲಿಗೊಟ್ಟಿರುವುದು ನಿಜ. ಆದರೆ ರಾಮನಿಗೆಂದು ನೋಡಿದ ಹುಡುಗಿಯನ್ನು ಮುದುಕ ಕಂಪಿಲನೇ ಮದುವೆಯಾದನೆಂದು ಹೇಳುವ ಪಾಠಗಳೂ ಇವೆ. ಅಲ್ಲಿಗೆ ಮೊದಲ ತಪ್ಪು ಅರಸನದಾಯಿತು. ಬಯಲಾಟದವರು, ಪಠ್ಯ ಮಾಡುವವರು ಈ ಭಾಗವನ್ನು ಬಿಟ್ಟು ಯುದ್ಧವನ್ನಷ್ಟೇ ಉಳಿಸಿಕೊಂಡರೆ ರತ್ನಾಜಿಗೂ ಅನ್ಯಾಯ, ರಾಮನಿಗೂ ಅನ್ಯಾಯ. ನಂಜುಂಡನನ್ನು ಓದುವವರು ದಯವಿಟ್ಟು ಅಂತಃಪುರದ ಸಂಧಿಗಳನ್ನು ಹಾರಿಸಿ ಓದಬೇಡಿ.