ಟ್ಯಾಬ್ಲೆಟ್ಟಿನ ಚಿಕ್ಕ ಅಡಾಪ್ಟರೂ ಹಿಡುವಳಿದಾರರಿಗೆ ಅದರಿಂದಾಗುವ ಪ್ರಯೋಜನಗಳೂ

ಒಂದು ಕೆಲಸಕ್ಕೆಂದು ತಂದ ಉಪಕರಣವು ಬೇರೊಂದು ಕೆಲಸದಲ್ಲಿ ಹೆಚ್ಚು ನೆರವಿಗೆ ಬರುವುದು ಬೇಸಾಯಗಾರರಿಗೆ ಹೊಸ ಸಂಗತಿಯಲ್ಲ. ಬಾವಿಯ ನೀರೆತ್ತಲು ತಂದ ಎಂಜಿನ್ನಿಗೆ ಪಟ್ಟಿಯನ್ನು ತೊಡಿಸಿ ಹಿಟ್ಟಿನ ಗಿರಣಿಯನ್ನು ನಡೆಸಿದ ಗ್ರಾಮಗಳು ಅನೇಕವಿವೆ. ಅದೇ ರೀತಿಯಲ್ಲಿ, ಹೆಬ್ಬೆರಳಿನಷ್ಟೇ ಉದ್ದವಾಗಿಯೂ ಅಲ್ಪ ಬೆಲೆಯದಾಗಿಯೂ ಇರತಕ್ಕ ಒಂದು ವಸ್ತುವಿನ ವಿಷಯವನ್ನು ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶವು.

ಬೆಂಗಳೂರಿನ ಪಡುವಣ ಅಂಚಿನಲ್ಲಿರುವ ಕೆಂಗೇರಿ ಹೋಬಳಿಯಂಥ ಪ್ರದೇಶದಲ್ಲಿ ನಗರದ ಬಡಾವಣೆಗಳು ಹೊಲದ ಬದುವಿನವರೆಗೆ ಬಂದಿವೆ. ೨೦೨೧ರಿಂದ ಮೆಟ್ರೊ ರೈಲೂ ಕೆಂಗೇರಿಗೆ ಬಂದಿರುತ್ತದೆ. ಇಂಥ ಕಡೆಯಲ್ಲಿ ಬೆಳೆಯನ್ನು ಕಾಯುವಷ್ಟೇ ಜಾಗರೂಕತೆಯಿಂದ ಜಮೀನಿನ ಕಾಗದಪತ್ರಗಳನ್ನೂ ಕಾಯಬೇಕಾಗಿದೆ. ೨೦೦೦ನೆಯ ಇಸವಿಯಿಂದ ಮೊದಲುಗೊಂಡು ಭೂಮಿ ಯೋಜನೆಯ ಮೂಲಕ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ೨೦೨೦ರಲ್ಲಿ ರೈತನು ತನ್ನ ಬೆಳೆಯ ಛಾಯಾಚಿತ್ರವನ್ನು ತಾನೇ ತೆಗೆದು ಬೆಳೆ ಸಮೀಕ್ಷೆಗೆ ಕಳುಹಿಸುವ ಏರ್ಪಾಡೂ ಆಯಿತು. ಆದುದರಿಂದ ಮನೆಯಲ್ಲಿ ಟ್ಯಾಬ್ಲೆಟ್ ಆಗಲಿ ದೊಡ್ಡ ಮೊಬೈಲ್ ಆಗಲಿ ಇರುವುದು ಈಗ ಸಾಮಾನ್ಯ. ಆದರೆ ಬಹು ಜನರು ಅದನ್ನು ನೋಡುವುದಕ್ಕೆ ಮಾತ್ರ ಬಳಸುವರೇ ಹೊರತು ದುಡಿಸಿಕೊಳ್ಳುವುದಿಲ್ಲ.

ಸಾಧನದ ಸ್ವರೂಪ

೨೦೧೦ರಲ್ಲಿ ಅಮೆರಿಕದ ಆಪಲ್ ಕಂಪನಿಯವರು ತಮ್ಮ ಐಪ್ಯಾಡ್ ಎಂಬ ಟ್ಯಾಬ್ಲೆಟ್ಟಿಗಾಗಿ ಒಂದು ಅಡಾಪ್ಟರನ್ನು ಮಾರಾಟಕ್ಕೆ ತಂದರು. ಕ್ಯಾಮೆರಾದ ಚಿತ್ರಗಳನ್ನು ಟ್ಯಾಬ್ಲೆಟ್ಟಿಗೆ ಇಳಿಸುವುದೊಂದೇ ಅದಕ್ಕೆ ಹೇಳಿದ್ದ ಕೆಲಸ. ಕೊಂಡವರು ಕುತೂಹಲದಿಂದ ಕೀಲಿಮಣೆಯನ್ನೂ ಮೈಕನ್ನೂ ಜೋಡಿಸಿ ನೋಡಲಾಗಿ ಅವೂ ನಡೆದವು. ಇತರ ಕಂಪನಿಗಳ ಟ್ಯಾಬ್ಲೆಟ್ಟುಗಳಿಗೂ ಮೊಬೈಲುಗಳಿಗೂ ಇಂಥದೇ ಸಾಧನವು ಅಂಗಡಿಗಳಲ್ಲಿ ಓಟಿಜಿ ಎಂಬ ಹೆಸರಿನಿಂದ ದೊರೆಯುತ್ತದೆ.

ಇದು ನಡೆಯುವ ಕ್ರಮವು ಸುಲಭವಾದುದು. ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿದಾಗ ಕಂಪ್ಯೂಟರು ಯಜಮಾನನಂತೆಯೂ ಟ್ಯಾಬ್ಲೆಟ್ಟು ಆಳಿನಂತೆಯೂ ಇರುವುವು. ಓಟಿಜಿಯನ್ನು ಸಿಕ್ಕಿಸಿದ ಕೂಡಲೆ ಅದರೊಳಗಿನ ಒಂದು ಜೋಡಣೆಯಿಂದ ಟ್ಯಾಬ್ಲೆಟ್ಟು ತಾನೇ ಯಜಮಾನನೆಂದು ತಿಳಿದು, ಎದುರಿಗಿರುವ ಉಪಕರಣಕ್ಕೆ ೫ ವೋಲ್ಟಿನ ವಿದ್ಯುತ್ತನ್ನೂ ಅಪ್ಪಣೆಗಳನ್ನೂ ಕೊಡಲು ತೊಡಗುವುದು.

ಮುಖ್ಯವಾದ ಉಪಯೋಗಗಳು

ಮೊದಲನೆಯದಾಗಿ, ಒಡೆದ ಟ್ಯಾಬ್ಲೆಟ್ಟಿನಿಂದ ದಾಖಲೆಗಳನ್ನು ಉಳಿಸಿಕೊಳ್ಳುವುದು. ಟ್ಯಾಬ್ಲೆಟ್ಟು ಕೈಜಾರಿ ಬಿದ್ದು, ಪರದೆಯು ಬೆಳಗುತ್ತಿದ್ದರೂ ಬೆರಳಿನ ಸ್ಪರ್ಶಕ್ಕೆ ಓಗೊಡುವುದಿಲ್ಲವೆಂದು ಇಟ್ಟುಕೊಳ್ಳೋಣ. ಕ್ರಯಪತ್ರದ ಪ್ರತಿಯೂ ಗಡಿಕಲ್ಲಿನ ಚಿತ್ರಗಳೂ ಅದರೊಳಗೇ ಸಿಕ್ಕಿಕೊಂಡಿರುತ್ತವೆ. ಆಗ ಓಟಿಜಿಯ ಮೂಲಕ ಸಾಮಾನ್ಯವಾದ ಮೌಸನ್ನು ಜೋಡಿಸಿದರೆ ಪರದೆಯ ಮೇಲೆ ಬಾಣದ ಗುರುತು ಮೂಡುವುದು. ಅದರಿಂದಲೇ ಗುಪ್ತಸಂಖ್ಯೆಯನ್ನು ಒತ್ತಿ ಒಳಹೊಕ್ಕು, ಬಳಿಕ ಮೌಸನ್ನು ತೆಗೆದು ಪೆನ್ ಡ್ರೈವನ್ನು ಸಿಕ್ಕಿಸುವುದಕ್ಕೆ ಮುಂಚೆ ಚಿತ್ರಗಳನ್ನು ಬೇರೊಬ್ಬರಿಗೆ ಕಳುಹಿಸಬಹುದು. ಅಥವಾ ಎರಡು ಮೂರು ಬಾಯಿಗಳುಳ್ಳ ಹಬ್ ಇದ್ದಲ್ಲಿ ಎರಡನ್ನೂ ಒಟ್ಟಿಗೆ ಜೋಡಿಸಿ ನಕಲು ಮಾಡಿಕೊಳ್ಳಬಹುದು. ಪರದೆಯೇ ಪೂರ್ತಿ ಕತ್ತಲಾಗಿದ್ದರೆ ಈ ಉಪಾಯವು ಸಾಗದು. ಆದಕಾರಣ ಸಾಧನವು ಸುಸ್ಥಿತಿಯಲ್ಲಿರುವಾಗಲೇ ತಿಂಗಳಿಗೊಮ್ಮೆ ದಾಖಲೆಗಳನ್ನು ಪೆನ್ ಡ್ರೈವಿಗೆ ಇಳಿಸಿಡತಕ್ಕದ್ದು.

ಎರಡನೆಯದು, ಬರವಣಿಗೆ. ಅರ್ಜಿಗಳನ್ನೂ ಗ್ರಾಮಸಭೆಯ ನಡವಳಿಗಳನ್ನೂ ಗಾಜಿನ ಮೇಲೆ ಒತ್ತುವುದು ವಯಸ್ಸಾದವರಿಗೆ ಶ್ರಮದ ಕೆಲಸ. ಕೀಲಿಮಣೆಯನ್ನು ಜೋಡಿಸಿ, ಕನ್ನಡದ ವಿನ್ಯಾಸವುಳ್ಳ ತಂತ್ರಾಂಶವನ್ನು ಅಳವಡಿಸಿಕೊಂಡರೆ ಕಂಪ್ಯೂಟರಿನಲ್ಲಿ ಬರೆಯುವಂತೆಯೇ ಬರೆಯಬಹುದು.

ಮೂರನೆಯದು, ಪೀಡೆಗಳ ಪರೀಕ್ಷೆ. ೧೯೯೮ರಲ್ಲಿ ಕೇರಳದಲ್ಲಿ ಕಂಡು ಬಳಿಕ ನಮ್ಮ ರಾಜ್ಯಕ್ಕೂ ಹರಡಿದ ತೆಂಗಿನ ನುಸಿಯು ಕಾಲು ಮಿಲಿಮೀಟರಿಗಿಂತ ಉದ್ದವಿರುವುದಿಲ್ಲ, ಬರಿಗಣ್ಣಿಗೆ ಕಾಣದು. ಎಳೆಗಾಯಿಯ ತೊಟ್ಟಿನ ಪಕಳೆಗಳ ಅಡಿಯಲ್ಲಿ ಅಡಗಿದ್ದು ರಸವನ್ನು ಹೀರುವ ಕಾರಣ, ಅಲ್ಲಿಂದ ತ್ರಿಕೋನಾಕಾರದ ಬಿಳಿಚಿದ ಮಚ್ಚೆಯು ಮೂಡಿ, ಮುಂದೆ ಕಂದುಬಣ್ಣಕ್ಕೆ ತಿರುಗಿ ಬಿರಿಯುವುದು. ಟ್ಯಾಬ್ಲೆಟ್ಟಿಗೆ ಹೊಂದುವ ಚಿಕ್ಕ ಯುಎಸ್‌ಬಿ ಸೂಕ್ಷ್ಮದರ್ಶಕವನ್ನು ಓಟಿಜಿಗೆ ಜೋಡಿಸಿ ಪಕಳೆಯ ಒಳಮೈಯನ್ನು ನೋಡಿದರೆ ಹುಳುವಿನ ಚಿತ್ರವನ್ನೇ ತೆಗೆದು ರೈತ ಸಂಪರ್ಕ ಕೇಂದ್ರದವರಿಗೆ ತೋರಿಸಬಹುದು. ಹಿಪ್ಪುನೇರಳೆ ಎಲೆಯ ನುಸಿಗೂ ಇದೇ ಕ್ರಮವು ಸಾಕು. ಪೀಡೆ ಯಾವುದೆಂದು ತಿಳಿಯದೆ ಔಷಧವನ್ನು ಸಿಂಪಡಿಸುವ ವೃಥಾ ಖರ್ಚು ಇದರಿಂದ ತಪ್ಪುವುದು.

ಎಚ್ಚರಿಕೆಗಳು

ಸಣ್ಣ ಸಾಧನವು ದೊಡ್ಡ ಹೊರೆಯನ್ನು ಹೊರಲಾರದು. ಮೇಲೆ ಹೇಳಿದ ಐಪ್ಯಾಡಿನಲ್ಲಿ ೨೦೧೦ರ ಕೊನೆಗೆ ತಂತ್ರಾಂಶವು ಬದಲಾಗಿ, ಹೊರಕ್ಕೆ ಕೊಡುವ ವಿದ್ಯುತ್ತು ೧೦೦ ಮಿಲಿಆಂಪಿಯರಿನಿಂದ ೨೦ಕ್ಕೆ ಇಳಿದಾಗ, ಅದುವರೆಗೆ ನಡೆಯುತ್ತಿದ್ದ ಅನೇಕ ಉಪಕರಣಗಳು ನಿಂತುಹೋದವು. ಹೆಚ್ಚು ವಿದ್ಯುತ್ತನ್ನು ಬೇಡುವ ಉಪಕರಣಗಳಿಗೆ ಪ್ರತ್ಯೇಕ ವಿದ್ಯುತ್ತುಳ್ಳ ಹಬ್ಬನ್ನೇ ಉಪಯೋಗಿಸತಕ್ಕದ್ದು. ಕೊಳ್ಳುವಾಗ ಸ್ವಂತ ಟ್ಯಾಬ್ಲೆಟ್ಟನ್ನು ಅಂಗಡಿಗೆ ಒಯ್ದು, ಜೋಡಿಸಿ ನೋಡಿಯೇ ಹಣ ಕೊಡುವುದು ಉತ್ತಮ. ಅಪರಿಚಿತರ ಪೆನ್ ಡ್ರೈವನ್ನು ಎಂದಿಗೂ ಸಿಕ್ಕಿಸಬಾರದು.

ಬೆರಳಚ್ಚಿನ ಯಂತ್ರಗಳೂ ಈ ಅಡಾಪ್ಟರಿನ ಮೂಲಕವೇ ನಡೆಯುತ್ತವೆಯಾದುದರಿಂದ ವಿಶೇಷವಾದ ಜಾಗರೂಕತೆ ಅಗತ್ಯ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ದುರುಪಯೋಗಪಡಿಸಿ ಬ್ಯಾಂಕ್ ಖಾತೆಗಳಿಂದ ಹಣವನ್ನು ತೆಗೆದ ದೂರುಗಳು ೨೦೨೩ರಲ್ಲಿ ಬೆಂಗಳೂರಿನಲ್ಲಿಯೇ ಬಂದಿದ್ದವು. ಗುರುತಿಲ್ಲದವರು ಮನೆಬಾಗಿಲಿಗೆ ತಂದ ಯಂತ್ರದ ಮೇಲೆ ಬೆರಳಿಡಬಾರದು. ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವನ್ನು ಎಲ್ಲರೂ ಉಪಯೋಗಿಸಿಕೊಳ್ಳಬೇಕು.

ಪ್ರತಿಯೊಬ್ಬರೂ ಇದನ್ನು ಕೊಳ್ಳಬೇಕಾದ ಅವಶ್ಯಕತೆಯಿಲ್ಲ. ಗ್ರಾಮಕ್ಕೊಂದರಂತೆ ಓಟಿಜಿಯನ್ನೂ ಮೌಸನ್ನೂ ಹಾಲಿನ ಸಂಘದಲ್ಲಿಯಾಗಲಿ ಗ್ರಂಥಾಲಯದಲ್ಲಿಯಾಗಲಿ ಇಟ್ಟಿದ್ದು, ಬಳಸುವ ಕ್ರಮವನ್ನು ಊರಿನ ಇಬ್ಬರು ಯುವಕರಿಗೆ ಕಲಿಸಿದರೆ ಸಾಕು. ಒಡೆಯಿತೆಂದು ಮೂಲೆಗೆ ಎಸೆದ ಟ್ಯಾಬ್ಲೆಟ್ಟಿನೊಳಗೆ ಒಂದು ಮನೆತನದ ಜಮೀನಿನ ಆಧಾರಗಳು ಇರಬಹುದೆಂಬುದನ್ನು ಮುಖಂಡರು ನೆನಪಿನಲ್ಲಿಡಬೇಕು.